ಚುಕ್ಕೆಯ ಹಿಂದೆ ಕುಳಿತ ಫೈಲು ನಿಮ್ಮದೇ!

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತರುಣ ತರುಣಿಯರ ಮುಂದೆ ಆಡಿದ ಮಾತಿನ ಬರಹರೂಪ. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿದ್ದೇವೆ. ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಒತ್ತಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ.)



ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ನಿಮಗೆಲ್ಲ ಗೊತ್ತು. 1982ರಲ್ಲಿ ಶುರುವಾದ ಕೇಂದ್ರ ಅದು. ನೆಲದಿಂದ ಸುಮಾರು 36,000 ಕಿಲೋಮೀಟರು ಮೇಲೆ ನಿಂತ ಉಪಗ್ರಹಕ್ಕೆ 'ಹೀಗೆ ತಿರುಗು, ಹಾಗೆ ನಿಲ್ಲು' ಎಂದು ಅಪ್ಪಣೆ ಹೋಗುವುದು ನಮ್ಮ ಈ ಊರಿನಿಂದ. ಹೀಗಿರುವಾಗ ಇದೇ ಜಿಲ್ಲೆಯ ಹುಡುಗ, ಇದೇ ಜಿಲ್ಲೆಯ ಹುಡುಗಿ, ಮೂಗಿನ ಮುಂದೆ ಇರುವ ಕಂಪ್ಯೂಟರಿನಲ್ಲಿ ಒಂದು ಫೈಲು ಕಾಣಲಿಲ್ಲವೆಂದು ಕೈಚೆಲ್ಲಿ ಕೂರಬೇಕೇ?

ಕೂರುತ್ತಿದ್ದಾರೆ! ಅದು ಹೇಗೆ ನಡೆಯುತ್ತದೆ ಎಂದು ಮೊದಲು ನೋಡೋಣ.

ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಇಂಜಿನಿಯರಿಂಗಿಗೋ ಡಿಪ್ಲೊಮಾಗೋ ಸೇರುತ್ತಾನೆ. ಲ್ಯಾಬಿನಲ್ಲಿ ಲಿನಕ್ಸ್ ಇರುತ್ತದೆ. ಕೈಗೆ ಕೊಟ್ಟ ಹಾಳೆಯಲ್ಲಿ ಒಂದು ಸಾಲು: 'ನಿಮ್ಮ ಬ್ಯಾಶ್‌ಆರ್‌ಸಿ ಫೈಲು ತೆಗೆದು ಈ ಸಾಲನ್ನು ಸೇರಿಸಿ.' ಅವನು ಫೋಲ್ಡರ್ ತೆಗೆದು ನೋಡುತ್ತಾನೆ. ಡೆಸ್ಕ್‌ಟಾಪ್ ಇದೆ, ಡೌನ್‌ಲೋಡ್ಸ್ ಇದೆ, ಪಿಕ್ಚರ್ಸ್ ಇದೆ. ಬ್ಯಾಶ್‌ಆರ್‌ಸಿ ಇಲ್ಲ! ಪಕ್ಕದವನು ಆಗಲೇ ಮುಗಿಸಿ ಎದ್ದಿದ್ದಾನೆ. ಕೇಳೋಣವೆಂದರೆ ಇಂಗ್ಲಿಷಿನಲ್ಲಿ ಕೇಳಬೇಕಲ್ಲ ಎಂಬ ಅಳುಕು. 'ನನ್ನ ಕಂಪ್ಯೂಟರಿನಲ್ಲಿ ಇದು ಬಂದೇ ಇಲ್ಲವೇನೋ' ಎಂದುಕೊಂಡು ಇಡೀ ಲಿನಕ್ಸನ್ನೇ ಅಳಿಸಿ ಮತ್ತೆ ಹಾಕುವವರಿದ್ದಾರೆ. ಇನ್ನು ಕೆಲವರು 'ಇದು ನಮ್ಮಂಥವರಿಗಲ್ಲ ಬಿಡು' ಎಂದು ಎದ್ದು ಹೋಗುತ್ತಾರೆ. ನಷ್ಟವಾಗುವುದು ಅಲ್ಲಿ. ಫೈಲು ಇದ್ದೇ ಇತ್ತು. ಅದನ್ನು ಕಾಣುವುದು ಹೇಗೆ ಎಂದು ಅವನ ನುಡಿಯಲ್ಲಿ ಒಬ್ಬರೂ ಹೇಳಲಿಲ್ಲ, ಅಷ್ಟೆ.

ಆದ್ದರಿಂದ ಇವತ್ತು ದೊಡ್ಡ ಮಾತು ಬೇಡ, ಘೋಷಣೆಯೂ ಬೇಡ. ಈ ಒಂದೇ ಒಂದು ಕೆಲಸವನ್ನು ತಳದಿಂದ ತುದಿಯವರೆಗೆ ಕನ್ನಡದಲ್ಲಿ ಕಲಿತು ಹೋಗೋಣ.

ಹಗೇವು ಗೊತ್ತೆ ನಿಮಗೆ?

ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಹೇಳುತ್ತಾರೆ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ರಾಗಿಯನ್ನು ನೆಲದೊಳಗೆ ಗುಂಡಿ ತೋಡಿ ತುಂಬಿಡುತ್ತಿದ್ದರು. ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣೆಳೆದು ಬಿಟ್ಟರೆ ಮುಗಿಯಿತು. ಬಂದ ನೆಂಟರು ಅದರ ಮೇಲೇ ನಡೆದು ಹೋಗುತ್ತಿದ್ದರು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಮನೆಯವರಿಗೆ ಗೊತ್ತು. ವರ್ಷವಿಡೀ ಊಟ ಬರುತ್ತಿದ್ದದ್ದು ಅಲ್ಲಿಂದಲೇ.

ಲಿನಕ್ಸಿನ ಅಡಗಿದ ಫೈಲೂ ಹಾಗೆಯೇ. ಅದಕ್ಕೆ ಬೀಗ ಹಾಕಿಲ್ಲ, ಪಾಸ್‌ವರ್ಡ್ ಇಟ್ಟಿಲ್ಲ. ನಿಮ್ಮ ಹೆಸರಿನಲ್ಲಿರುವ ನಿಮ್ಮ ಫೈಲು ಅದು. ಕಣ್ಣಿಗೆ ಎದ್ದು ಕಾಣುವುದಿಲ್ಲ, ಅಷ್ಟೆ. ಕಂಪ್ಯೂಟರು ನಿಮ್ಮೊಡನೆ ಹೇಗೆ ನಡೆದುಕೊಳ್ಳಬೇಕು, ಯಾವ ಭಾಷೆಯಲ್ಲಿ ಮಾತಾಡಬೇಕು, ಕಮಾಂಡುಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬುದೆಲ್ಲ ಅಲ್ಲೇ ಬರೆದಿರುತ್ತದೆ.

ಅಡಗಿರುವುದರ ಗುಟ್ಟೇನು? ಫೈಲಿನ ಹೆಸರು ಒಂದು ಚುಕ್ಕೆಯಿಂದ ಶುರುವಾಗುತ್ತದೆ. ಫುಲ್‌ಸ್ಟಾಪ್ ಅನ್ನುತ್ತೀರಲ್ಲ, ಅದೇ ಚುಕ್ಕೆ. ಹಾಳೆಯಲ್ಲಿ 'ಬ್ಯಾಶ್‌ಆರ್‌ಸಿ' ಎಂದು ಹೇಳಿದ್ದರೂ ನಿಜವಾದ ಹೆಸರು 'ಚುಕ್ಕೆ ಬ್ಯಾಶ್‌ಆರ್‌ಸಿ'. ಮೊದಲಕ್ಷರ ಚುಕ್ಕೆಯಾಗಿದ್ದರೆ ಆ ಹೆಸರನ್ನು ಮಾಮೂಲಿ ಪಟ್ಟಿಯಲ್ಲಿ ತೋರಿಸುವುದಿಲ್ಲ. ಗುಟ್ಟು ಇಷ್ಟೇ!

ಇದು ಯಾರ ಸಂಚೂ ಅಲ್ಲ

'ನಮ್ಮಿಂದ ಯಾಕೆ ಮುಚ್ಚಿಡುತ್ತಾರೆ?' ಎಂದು ನೀವು ಕೇಳಬಹುದು. ಕೇಳಲೇಬೇಕು. ಇದರ ಕತೆ ಸ್ವಾರಸ್ಯವಾಗಿದೆ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು ಯುನಿಕ್ಸ್ ಕಟ್ಟಲು ಶುರು ಮಾಡಿದರು. ಫೋಲ್ಡರಿನೊಳಗೆ ಫೋಲ್ಡರ್ ಇಡುವ ವ್ಯವಸ್ಥೆ ಬಂದಾಗ ಪ್ರತಿ ಫೋಲ್ಡರಿನಲ್ಲೂ ಎರಡು ಹೆಸರುಗಳು ತಾವಾಗಿಯೇ ಸೇರಿಕೊಂಡವು. ಒಂದು ಚುಕ್ಕೆ ಎಂದರೆ 'ಈ ಜಾಗ', ಎರಡು ಚುಕ್ಕೆ ಎಂದರೆ 'ಮೇಲಿನ ಜಾಗ'. ಪಟ್ಟಿ ಕೇಳಿದಾಗಲೆಲ್ಲ ಇವೆರಡೂ ಬಂದು ನಿಲ್ಲುವುದು ಕಿರಿಕಿರಿ ಎನಿಸಿತು. ಪಟ್ಟಿ ತೋರಿಸುವ ಕಾರ್ಯಕ್ರಮದಲ್ಲಿ ಒಬ್ಬರು ಒಂದು ಸುಲಭದ ಪರೀಕ್ಷೆ ಹಾಕಿದರು: ಹೆಸರಿನ ಮೊದಲಕ್ಷರ ಚುಕ್ಕೆಯೋ? ಹಾಗಾದರೆ ಬಿಟ್ಟುಬಿಡು. ಎರಡು ಹೆಸರನ್ನು ಮರೆಮಾಡಲು ಮಾಡಿದ ಈ ಅಡ್ಡದಾರಿಯಿಂದ ಚುಕ್ಕೆಯಿಂದ ಶುರುವಾಗುವ ಎಲ್ಲ ಫೈಲುಗಳೂ ಮರೆಯಾದವು. ಆಮೇಲೆ ಬಂದವರು 'ಅರೆ, ಇದು ಚೆನ್ನಾಗಿದೆ' ಎಂದು ತಮ್ಮ ತಮ್ಮ ಸೆಟ್ಟಿಂಗುಗಳನ್ನೆಲ್ಲ ಅಲ್ಲಿ ತುಂಬತೊಡಗಿದರು. ಅದೇ ಬೆಲ್ ಲ್ಯಾಬ್ಸ್‌ನಲ್ಲಿ ದುಡಿದ ರಾಬ್ ಪೈಕ್ 2012ರಲ್ಲಿ ಈ ಕತೆಯನ್ನು ಬರೆದು, ಇದು ಯೋಚಿಸಿ ಮಾಡಿದ ಏರ್ಪಾಡಲ್ಲ, ಆಗಿಹೋದ ತಪ್ಪು ಎಂದೇ ಹೇಳಿದರು.

ಕೇಳಿದಿರಾ? ನಮ್ಮ ಹುಡುಗರು ಹೆದರುತ್ತಿರುವುದು ಯಾವುದೋ ದೊಡ್ಡ ಭದ್ರತೆಯ ಗೋಡೆಗಲ್ಲ. ಅವಸರದಲ್ಲಿ ಬರೆದ ಒಂದು ಸಾಲಿಗೆ!

ಹೆಜ್ಜೆ ಒಂದು: ಮೊದಲು ನಿಮ್ಮ ಮನೆಗೆ ಹೋಗಿ

ಟರ್ಮಿನಲ್ ತೆಗೆಯಿರಿ. ಕಪ್ಪು ಪರದೆ ಬರುತ್ತದೆ. ನೀವು ಬರೆದದ್ದನ್ನು ಓದಿ ಕೆಲಸ ಮಾಡಿಸುವ ಕಾರ್ಯಕ್ರಮಕ್ಕೆ ಶೆಲ್ ಎಂದು ಹೆಸರು. ಸಿ, ಡಿ ಎಂಬ ಎರಡೇ ಅಕ್ಷರ ಒತ್ತಿ ಎಂಟರ್ ಕೊಡಿ. ನೀವು ಎಲ್ಲೇ ಇದ್ದರೂ ಶೆಲ್ ನಿಮ್ಮನ್ನು ನಿಮ್ಮ ಮನೆಗೆ, ಅಂದರೆ ಹೋಮ್ ಫೋಲ್ಡರಿಗೆ ತಂದು ಬಿಡುತ್ತದೆ. ಈಗ ಪಿ, ಡಬ್ಲ್ಯು, ಡಿ ಒತ್ತಿ. ಇದು ಲೋಕೋಪಯೋಗಿ ಇಲಾಖೆ ಅಲ್ಲ! 'ನಾನೀಗ ಎಲ್ಲಿದ್ದೇನೆ?' ಎಂದು ಕೇಳುವ ಕಮಾಂಡು. ಲಿನಕ್ಸಿನಲ್ಲಿ ಸಾಮಾನ್ಯವಾಗಿ 'ಹೋಮ್' ಎಂದೂ ಅದರ ಮುಂದೆ ನಿಮ್ಮ ಹೆಸರೂ ಬರುತ್ತದೆ.

ಇಲ್ಲಿ ಎರಡು ಕಡೆ ದಾರಿ ತಪ್ಪುವುದುಂಟು. ಬರೀ 'ಹೋಮ್' ಎಂದಷ್ಟೇ ಬಂದರೆ ನೀವು ಕೇರಿಯಲ್ಲಿ ನಿಂತಿದ್ದೀರಿ, ಮನೆಯೊಳಗೆ ಬಂದಿಲ್ಲ ಎಂದರ್ಥ. ಎರಡನೆಯದು ಇನ್ನೂ ಮುಖ್ಯ. ಯಾರೋ ಹೇಳಿದರೆಂದು 'ಸುಡೊ ಎಸ್‌ಯು' ಕೊಟ್ಟು ನಿರ್ವಾಹಕರಾಗಿ ಕೂತಿದ್ದರೆ, 'ರೂಟ್' ಎಂಬ ಬೇರೆಯವರ ಮನೆಗೆ ಹೋಗಿದ್ದೀರಿ. ಅಲ್ಲಿನ ಫೈಲನ್ನು ಎಷ್ಟು ತಿದ್ದಿದರೂ ನಿಮ್ಮ ಶೆಲ್ಲಿನಲ್ಲಿ ಏನೂ ಬದಲಾಗುವುದಿಲ್ಲ. 'ಎಕ್ಸಿಟ್' ಎಂದು ಕೊಟ್ಟು ಹೊರಗೆ ಬನ್ನಿ. ನಿಮ್ಮ ಸ್ವಂತ ಫೈಲನ್ನು ತಿದ್ದಲು ಸುಡೊ ಬೇಕೇ ಇಲ್ಲ. ನಮ್ಮ ಮನೆಗೆ ಹೋಗಲು ನಾವು ಯಾರ ಅಪ್ಪಣೆ ಕೇಳಬೇಕು?

ಹೆಜ್ಜೆ ಎರಡು: ಎಲ್ಲವನ್ನೂ ತೋರಿಸು ಎನ್ನಿ

ಎಲ್, ಎಸ್ ಎಂದು ಒತ್ತಿದರೆ ಪಟ್ಟಿ ಬರುತ್ತದೆ. ಚುಕ್ಕೆಯ ಫೈಲು ಅದರಲ್ಲಿ ಇರುವುದಿಲ್ಲ. ಈಗ ಎಲ್, ಎಸ್, ಒಂದು ಜಾಗ, ಒಂದು ಅಡ್ಡಗೆರೆ, ಎ ಎಂದು ಒತ್ತಿ. ಎ ಎಂದರೆ ಆಲ್, ಅಂದರೆ ಎಲ್ಲವೂ. ನೋಡಿ, ಹಗೇವಿನ ಚಪ್ಪಡಿ ಸರಿಯಿತು! ಪಟ್ಟಿಯ ಶುರುವಿನಲ್ಲಿ ಆ ಹಳೆಯ ಒಂದು ಚುಕ್ಕೆ, ಎರಡು ಚುಕ್ಕೆ ಇರುತ್ತವೆ. ಜೊತೆಗೆ ಚುಕ್ಕೆ ಬ್ಯಾಶ್‌ಆರ್‌ಸಿ, ಚುಕ್ಕೆ ಪ್ರೊಫೈಲ್, ಚುಕ್ಕೆ ಕಾನ್ಫಿಗ್, ಹೀಗೆ ಸಾಲುಸಾಲಾಗಿ ಬರುತ್ತವೆ. ಎ ಅನ್ನು ದೊಡ್ಡಕ್ಷರದಲ್ಲಿ ಕೊಟ್ಟರೆ ಒಂದು ಚುಕ್ಕೆ, ಎರಡು ಚುಕ್ಕೆಗಳನ್ನು ಬಿಟ್ಟು ಮಿಕ್ಕದ್ದೆಲ್ಲ ಬರುತ್ತದೆ.

ಪಟ್ಟಿ ಉದ್ದವಾಗಿ ಕಣ್ಣು ಕತ್ತಲಿಟ್ಟರೆ ಹೀಗೆ ಕೇಳಿ: ಎಲ್, ಎಸ್, ಜಾಗ, ಅಡ್ಡಗೆರೆ, ಡಿ, ಜಾಗ, ಚುಕ್ಕೆ, ಬ್ಯಾಶ್, ನಕ್ಷತ್ರ. ಚುಕ್ಕೆ ಬ್ಯಾಶ್ ಎಂದು ಶುರುವಾಗುವ ಹೆಸರುಗಳು ಮಾತ್ರ ಬರುತ್ತವೆ. ಬರೀ ನಕ್ಷತ್ರ ಕೊಟ್ಟರೆ ಚುಕ್ಕೆಯ ಫೈಲು ಸಿಗುವುದಿಲ್ಲ. ಚುಕ್ಕೆಯನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಹೆಸರು ಹಿಡಿದು ಕರೆದರೆ ಮಾತ್ರ ಬರುವವರಿರುತ್ತಾರಲ್ಲ, ಹಾಗೆ.

ಕಪ್ಪು ಪರದೆ ಇನ್ನೂ ಭಯವೇ? ಉಬುಂಟುವಿನ ಫೋಲ್ಡರ್ ಕಿಟಕಿಯಲ್ಲಿ ಕಂಟ್ರೋಲ್ ಜೊತೆ ಹೆಚ್ ಒತ್ತಿ. ಅಡಗಿದ್ದೆಲ್ಲ ಕಾಣುತ್ತದೆ, ಮತ್ತೆ ಒತ್ತಿದರೆ ಮರೆಯಾಗುತ್ತದೆ. ಮ್ಯಾಕ್ ಇರುವವರು ಕಮಾಂಡ್, ಶಿಫ್ಟ್, ಚುಕ್ಕೆ ಈ ಮೂರನ್ನೂ ಒಟ್ಟಿಗೆ ಒತ್ತಬೇಕು. ಲ್ಯಾಪ್‌ಟಾಪ್ ಇಲ್ಲದವರು ಬೇಸರ ಪಡಬೇಡಿ. ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ ಎಂಬ ಉಚಿತ ಆ್ಯಪ್ ಇದೆ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ಕೂಡ ಇದೇ ಎಲ್‌ಎಸ್ ಅನ್ನು ಅಭ್ಯಾಸ ಮಾಡಬಹುದು.

ಹೆಜ್ಜೆ ಮೂರು: ಯಾವ ಫೈಲು ನಿಮ್ಮದು?

ಚುಕ್ಕೆಯ ಫೈಲು ಹತ್ತಾರಿವೆ, ಯಾವುದಕ್ಕೆ ಕೈ ಹಾಕುವುದು? ಮೊದಲು ನಿಮ್ಮ ಶೆಲ್ ಯಾವುದೆಂದು ತಿಳಿಯಿರಿ. ಇಕೋ, ಜಾಗ, ಡಾಲರ್ ಚಿಹ್ನೆ, ಸೊನ್ನೆ ಎಂದು ಒತ್ತಿ. 'ಬ್ಯಾಶ್' ಎಂದು ಬಂದರೆ ಬ್ಯಾಶ್, 'ಜೆಡ್‌ಎಸ್‌ಹೆಚ್' ಎಂದು ಬಂದರೆ ಜೆಡ್‌ಶೆಲ್. ಉಬುಂಟು ಮುಂತಾದ ಬಹಳಷ್ಟು ಲಿನಕ್ಸುಗಳಲ್ಲಿ ಬ್ಯಾಶ್ ಇರುತ್ತದೆ. ಮ್ಯಾಕಿನಲ್ಲಿ 2019ರಿಂದ ಹೊಸ ಬಳಕೆದಾರರಿಗೆ ಜೆಡ್‌ಶೆಲ್ ಕೊಡುತ್ತಿದ್ದಾರೆ.

ಬ್ಯಾಶ್ ಇದ್ದರೆ ಎರಡು ಹೆಸರು ನೆನಪಿಡಿ. ನೀವು ಹೊಸ ಟರ್ಮಿನಲ್ ಕಿಟಕಿ ತೆಗೆದಾಗಲೆಲ್ಲ ಓದುವುದು ಚುಕ್ಕೆ ಬ್ಯಾಶ್‌ಆರ್‌ಸಿ. ನೀವು ಲಾಗಿನ್ ಆದಾಗ ಒಂದು ಸಲ ಓದುವುದು ಚುಕ್ಕೆ ಪ್ರೊಫೈಲ್. ಒಂದು ದಿನನಿತ್ಯದ ಅಂಗಡಿ ಬಾಗಿಲು, ಇನ್ನೊಂದು ಊರ ಹೆಬ್ಬಾಗಿಲು ಎಂದುಕೊಳ್ಳಿ. ಜೆಡ್‌ಶೆಲ್ ಇದ್ದರೆ ಚುಕ್ಕೆ ಬ್ಯಾಶ್‌ಆರ್‌ಸಿಯ ಜಾಗದಲ್ಲಿ ಚುಕ್ಕೆ ಜೆಡ್‌ಎಸ್‌ಹೆಚ್‌ಆರ್‌ಸಿ ನೋಡಬೇಕು. ಜೆಡ್‌ಶೆಲ್ಲಿನಲ್ಲಿ ಕೂತು ಬ್ಯಾಶಿನ ಫೈಲು ತಿದ್ದಿ 'ಏನೂ ಆಗ್ತಾ ಇಲ್ಲ ಸಾರ್' ಎನ್ನುವವರು ಬಹಳ!

ಇನ್ನೊಂದು ಎಚ್ಚರಿಕೆ. 'ಚುಕ್ಕೆ ಬ್ಯಾಶ್ ಅಂಡರ್‌ಸ್ಕೋರ್ ಪ್ರೊಫೈಲ್' ಎಂಬ ಫೈಲು ಮಾಡಿ ಅದರಲ್ಲಿ ಬರೆಯಿರಿ ಎಂಬ ಸಲಹೆ ಎಷ್ಟೋ ಕಡೆ ಸಿಗುತ್ತದೆ. ಲಾಗಿನ್ ಆಗುವಾಗ ಬ್ಯಾಶ್ ಮೊದಲು ಹುಡುಕುವುದು ಅದನ್ನೇ. ಅದು ಸಿಕ್ಕಿತೆಂದರೆ ಚುಕ್ಕೆ ಪ್ರೊಫೈಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಉಬುಂಟುವಿನಲ್ಲಿ ಮೊದಲೇ ಇರುವ ಚುಕ್ಕೆ ಪ್ರೊಫೈಲ್ ಸುಮ್ಮನೆ ಮೂಲೆಗೆ ಬೀಳುತ್ತದೆ. ಆದ್ದರಿಂದ ಇರುವ ಫೈಲನ್ನೇ ಬಳಸಿ. ಹೊಸ ಬಾಗಿಲು ಇಟ್ಟು ಹಳೆಯ ಬಾಗಿಲಿಗೆ ಗೋಡೆ ಎಬ್ಬಿಸಬೇಡಿ.

ಎಲ್ಲ ಸರಿಯಾಗಿ ನೋಡಿದರೂ ಫೈಲು ನಿಜವಾಗಿಯೇ ಇಲ್ಲವೇ? ಅದೂ ಸಾಧ್ಯ. ಹೊಸ ಮ್ಯಾಕಿನಲ್ಲಿ ಚುಕ್ಕೆ ಜೆಡ್‌ಎಸ್‌ಹೆಚ್‌ಆರ್‌ಸಿ ಸಾಮಾನ್ಯವಾಗಿ ಇರುವುದಿಲ್ಲ. ಏನೂ ಕೆಟ್ಟಿಲ್ಲ, ನೀವೇ ಆ ಹೆಸರಿನಲ್ಲಿ ಹೊಸ ಫೈಲು ಮಾಡಿದರಾಯಿತು. ಲಿನಕ್ಸಿನಲ್ಲಾದರೆ 'ಇಟಿಸಿ' ಫೋಲ್ಡರಿನೊಳಗೆ 'ಸ್ಕೆಲ್' ಎಂಬ ಫೋಲ್ಡರ್ ಇದೆ. ಹೊಸ ಬಳಕೆದಾರರಿಗೆ ಹಂಚುವ ಚುಕ್ಕೆ ಫೈಲುಗಳ ಮೂಲಪ್ರತಿ ಅಲ್ಲಿರುತ್ತದೆ. ಅಲ್ಲಿಂದ ಒಂದು ನಕಲು ತಂದುಕೊಳ್ಳಬಹುದು.

ಹೆಸರಿನ ಕೊನೆಯ 'ಆರ್‌ಸಿ' ಎಂದರೇನೆಂದು ಕೇಳುತ್ತೀರಿ. 1960ರ ದಶಕದಲ್ಲಿ ಎಂಐಟಿಯ ಒಂದು ಹಳೆಯ ವ್ಯವಸ್ಥೆಯಲ್ಲಿ 'ರನ್‌ಕಾಮ್' ಎಂಬುದಿತ್ತು. ಸಾಲಾಗಿ ಬರೆದಿಟ್ಟ ಕಮಾಂಡುಗಳನ್ನು ಓಡಿಸು ಎಂದರ್ಥ. ಅದರ ಮೊಟಕು ರೂಪವೇ ಆರ್‌ಸಿ. ಶುರುವಾಗುವಾಗ ಓಡಿಸಬೇಕಾದ ಸಾಲುಗಳು ಎಂದು ತಿಳಿದರೆ ಸಾಕು.

ಹೆಜ್ಜೆ ನಾಲ್ಕು: ಇಳಿಯುವ ಮುಂಚೆ ದೀಪ ಇಳಿಸಿ

ಹಗೇವಿನ ಬಾಯಿ ತೆಗೆದ ಕೂಡಲೇ ತಿಳಿದವರು ಒಳಗೆ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಜೀವಕ್ಕೇ ಅಪಾಯ. ಮೊದಲು ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ನೀವೂ ಆ ಬುದ್ಧಿವಂತಿಕೆ ಕಲಿಯಿರಿ.

ಮೊದಲು ಒಂದು ನಕಲು. ಸಿ, ಪಿ, ಜಾಗ, ಚುಕ್ಕೆ ಬ್ಯಾಶ್‌ಆರ್‌ಸಿ, ಜಾಗ, ಆಮೇಲೆ ಹೊಸ ಹೆಸರು. ಹೊಸ ಹೆಸರನ್ನು 'ಹಳೆಬ್ಯಾಶ್' ಎಂದೇ ಇಡಿ. ಅದಕ್ಕೆ ಚುಕ್ಕೆ ಇಡಬೇಡಿ, ಕಣ್ಣಿಗೆ ಕಾಣುವಂತಿರಲಿ. ನಾಳೆ ಏನಾದರೂ ಎಡವಟ್ಟಾದರೆ ಅದೇ ಕಮಾಂಡನ್ನು ತಿರುಗುಮುರುಗು ಮಾಡಿ ಹಳೆಯದನ್ನು ವಾಪಸು ತನ್ನಿ.

ತಿದ್ದಲು 'ನ್ಯಾನೋ' ಎಂಬ ಸರಳ ಸಂಪಾದಕ ಸಾಕು. ನ್ಯಾನೋ, ಜಾಗ, ಚುಕ್ಕೆ ಬ್ಯಾಶ್‌ಆರ್‌ಸಿ ಎಂದು ಒತ್ತಿದರೆ ಫೈಲು ತೆರೆಯುತ್ತದೆ. ಹ್ಯಾಷ್ ಚಿಹ್ನೆಯಿಂದ ಶುರುವಾಗುವ ಸಾಲುಗಳನ್ನು ಶೆಲ್ ಓದುವುದಿಲ್ಲ. ಅವು ಮನುಷ್ಯರಿಗೆ ಬರೆದ ಟಿಪ್ಪಣಿ. ಹೊಸ ಸಾಲನ್ನು ಕಟ್ಟಕಡೆಗೆ ಸೇರಿಸಿ. ಉಳಿಸಲು ಕಂಟ್ರೋಲ್ ಜೊತೆ ಒ, ಮತ್ತೆ ಎಂಟರ್. ಹೊರಬರಲು ಕಂಟ್ರೋಲ್ ಜೊತೆ ಎಕ್ಸ್.

ಬರೆದದ್ದು ಸರಿಯಿದೆಯೇ? ಬ್ಯಾಶ್, ಜಾಗ, ಅಡ್ಡಗೆರೆ, ಎನ್, ಜಾಗ, ಚುಕ್ಕೆ ಬ್ಯಾಶ್‌ಆರ್‌ಸಿ ಎಂದು ಕೊಡಿ. ಇದು ಓಡಿಸುವುದಿಲ್ಲ, ಓದಿ ವ್ಯಾಕರಣ ಮಾತ್ರ ನೋಡುತ್ತದೆ. ಮಾತಾಡದಿದ್ದರೆ ಸಾಲುಗಳ ವ್ಯಾಕರಣ ಸರಿಯಿದೆ ಎಂದರ್ಥ. ಹಗೇವಿಗೆ ಇಳಿಸಿದ ದೀಪ ಇದೇ! ಆಮೇಲೆ ಸೋರ್ಸ್, ಜಾಗ, ಚುಕ್ಕೆ ಬ್ಯಾಶ್‌ಆರ್‌ಸಿ ಎಂದರೆ ಹೊಸ ಸಾಲು ಈ ಕಿಟಕಿಯಲ್ಲಿ ಜಾರಿಗೆ ಬರುತ್ತದೆ. ಈ ಕಿಟಕಿಯನ್ನು ಮುಚ್ಚದೆ ಇನ್ನೊಂದು ಹೊಸ ಕಿಟಕಿ ತೆಗೆದು ಪರೀಕ್ಷೆ ಮಾಡಿ. ಅಲ್ಲಿ ಕೆಟ್ಟರೆ ಇಲ್ಲಿಂದ ಸರಿಮಾಡಬಹುದು.

ಮಾಡಬಾರದ್ದು ನಾಲ್ಕು, ಬರೆದುಕೊಳ್ಳಿ. ಒಂದು, ಸಮ ಚಿಹ್ನೆಯ ಆಚೆ ಈಚೆ ಜಾಗ ಬಿಡಬಾರದು, ಬಿಟ್ಟರೆ ಶೆಲ್ ಅದನ್ನು ಬೇರೆಯೇ ಅರ್ಥ ಮಾಡುತ್ತದೆ. ಎರಡು, ಪಾತ್ ಎಂಬ ಚರಾಂಶಕ್ಕೆ ಹೊಸ ಜಾಗ ಸೇರಿಸುವಾಗ ಹಳೆಯದನ್ನು ಬಿಟ್ಟುಬಿಡಬಾರದು. ಡಾಲರ್ ಪಾತ್ ಎಂದು ಮೊದಲು ಬರೆದು, ಅಡ್ಡಚುಕ್ಕೆ ಕೋಲನ್ ಹಾಕಿ, ಮುಂದೆ ಹೊಸದನ್ನು ಸೇರಿಸಬೇಕು. ಇಲ್ಲವಾದರೆ ಎಲ್‌ಎಸ್ ಕೂಡ ಸಿಗದೆ 'ಕಮಾಂಡ್ ನಾಟ್ ಫೌಂಡ್' ಎನ್ನುತ್ತದೆ. ಕಮಾಂಡು ಎಲ್ಲೂ ಹೋಗಿರುವುದಿಲ್ಲ, ಶೆಲ್ ಹುಡುಕುವ ದಾರಿ ಮರೆತಿರುತ್ತದೆ. ಮೂರು, ಒಂದೇ ಬಾಣದ ಗುರುತಿನಿಂದ ಚುಕ್ಕೆ ಫೈಲಿಗೆ ಏನನ್ನೂ ಕಳಿಸಬೇಡಿ, ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ನಾಲ್ಕು, 'ಕಸ ಜಾಸ್ತಿಯಾಗಿದೆ' ಎಂದು ಚುಕ್ಕೆ ಫೈಲುಗಳನ್ನು ಒಟ್ಟಾಗಿ ಅಳಿಸಲು ಹೋಗಬೇಡಿ. ಅಷ್ಟೇ ಅಲ್ಲ, ಅಡಗಿದ್ದೆಲ್ಲ ಓದುವ ಬರಹವೂ ಅಲ್ಲ. ಚುಕ್ಕೆ ಕಾನ್ಫಿಗ್ ಒಳಗಿನ 'ಡಿಕಾನ್ಫ್' ಎಂಬಲ್ಲಿ ಇರುವುದು ಯಂತ್ರಕ್ಕೆ ಮಾತ್ರ ತಿಳಿಯುವ ಫೈಲು, ಅದನ್ನು ಕೈಯಿಂದ ತಿದ್ದಬಾರದು.

ಅಲ್ಲಿ ಕನ್ನಡ ಬರೆಯಿರಿ!

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕನ್ನಡದ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ.

ನಿಮ್ಮ ಲಿನಕ್ಸಿನಲ್ಲಿ ಕನ್ನಡ ಆಗಲೇ ಇದೆ. 1991ರ ಮೊದಲ ಯುನಿಕೋಡಿನಲ್ಲೇ ಕನ್ನಡ ಲಿಪಿಗೆ ಜಾಗ ಸಿಕ್ಕಿದೆ. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳಿವೆ. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ 'ನುಡಿ'ಯಿಂದ ನಿಮಗೆ ಪರಿಚಯವಿರುವ ಕೀಲಿಮಣೆ ವಿನ್ಯಾಸ ಲಿನಕ್ಸಿನ ಪಟ್ಟಿಯಲ್ಲೂ 'ಕಗಪ' ಎಂಬ ಹೆಸರಿನಲ್ಲೇ ಇದೆ. ಹೊರಗಿನಿಂದ ಏನನ್ನೂ ಕೊಂಡು ತರಬೇಕಾಗಿಲ್ಲ. ಆದರೆ 'ನನಗೆ ಕನ್ನಡ ಬೇಕು' ಎಂದು ನೀವು ಹೇಳದಿದ್ದರೆ ಕಂಪ್ಯೂಟರು ತಾನಾಗಿ ಕೊಡುವುದಿಲ್ಲ. ಹೇಳುವ ಜಾಗಗಳಲ್ಲಿ ಈ ಚುಕ್ಕೆ ಫೈಲೂ ಒಂದು.

ಲೊಕೇಲ್, ಜಾಗ, ಅಡ್ಡಗೆರೆ, ಎ ಎಂದು ಕೊಟ್ಟರೆ ನಿಮ್ಮ ಯಂತ್ರದಲ್ಲಿ ಸಿದ್ಧವಿರುವ ಭಾಷೆಗಳ ಪಟ್ಟಿ ಬರುತ್ತದೆ. ಕನ್ನಡದ ಗುರುತು ಕೆ, ಎನ್, ಅಂಡರ್‌ಸ್ಕೋರ್, ದೊಡ್ಡಕ್ಷರದಲ್ಲಿ ಐ, ಎನ್. ಅದು ಇಲ್ಲದಿದ್ದರೆ ಉಬುಂಟುವಿನಲ್ಲಿ ಸುಡೊ, ಜಾಗ, ಲೊಕೇಲ್ ಅಡ್ಡಗೆರೆ ಜೆನ್, ಜಾಗ, ಆ ಕನ್ನಡದ ಗುರುತು, ಇಷ್ಟು ಒತ್ತಿ. ಇಲ್ಲಿ ಸುಡೊ ಬೇಕು, ಏಕೆಂದರೆ ಇದು ಇಡೀ ಯಂತ್ರಕ್ಕೆ ಮಾಡುವ ಏರ್ಪಾಡು.

ಈಗ ದೊಡ್ಡಕ್ಷರದಲ್ಲಿ ಎಲ್, ಸಿ, ಅಂಡರ್‌ಸ್ಕೋರ್, ಟೈಮ್ ಎಂದು ಬರೆದು, ಸಮ ಚಿಹ್ನೆ, ಕನ್ನಡದ ಗುರುತು, ಒಂದು ಜಾಗ, ಸಣ್ಣಕ್ಷರದಲ್ಲಿ ಡೇಟ್ ಎಂದು ಒತ್ತಿ ನೋಡಿ. ವಾರ, ತಿಂಗಳು ಕನ್ನಡದಲ್ಲಿ ಬರುತ್ತವೆ! ಇದು ಆ ಒಂದು ಸಲಕ್ಕೆ ಮಾತ್ರ. ಹಿಡಿಸಿತೇ? ಮುಂದೆ 'ಎಕ್ಸ್‌ಪೋರ್ಟ್' ಎಂಬ ಪದ ಸೇರಿಸಿ, ಕೊನೆಯ ಡೇಟ್ ಬಿಟ್ಟು, ಅದೇ ಸಾಲನ್ನು ಚುಕ್ಕೆ ಬ್ಯಾಶ್‌ಆರ್‌ಸಿಯಲ್ಲಿ ಬರೆಯಿರಿ. ಇನ್ನು ಮುಂದೆ ನಿಮ್ಮ ಟರ್ಮಿನಲ್ಲಿನಲ್ಲಿ ದಿನಾಂಕ ಕನ್ನಡದ್ದು. ಚುಕ್ಕೆ ಪ್ರೊಫೈಲಿನಲ್ಲಿ ಬರೆದರೆ ಮುಂದಿನ ಲಾಗಿನ್ನಿನಿಂದ ಸಾಮಾನ್ಯವಾಗಿ ಉಳಿದ ಕಾರ್ಯಕ್ರಮಗಳಿಗೂ ತಲುಪುತ್ತದೆ.

ಇನ್ನೂ ಒಂದಿದೆ. ಶೆಲ್ಲಿನಲ್ಲಿ ಅಲಿಯಾಸ್ ಎಂಬುದಿದೆ, ಅಂದರೆ ಕಮಾಂಡಿಗೆ ನೀವಿಡುವ ಅಡ್ಡಹೆಸರು. ಚುಕ್ಕೆ ಬ್ಯಾಶ್‌ಆರ್‌ಸಿಯಲ್ಲಿ ಹೀಗೆ ಬರೆಯಿರಿ: ಅಲಿಯಾಸ್, ಜಾಗ, ಕನ್ನಡ ಲಿಪಿಯಲ್ಲೇ 'ಸಕಲ', ಸಮ ಚಿಹ್ನೆ, ಉದ್ಧರಣ ಚಿಹ್ನೆಗಳ ನಡುವೆ ಎಲ್‌ಎಸ್ ಅಡ್ಡಗೆರೆ ಎ. ಇಲ್ಲೂ ಎಲ್‌ಎಸ್ ಮತ್ತು ಅಡ್ಡಗೆರೆಯ ನಡುವೆ ಮೊದಲಿನಂತೆ ಒಂದು ಜಾಗ ಇರಲಿ. ಉಳಿಸಿ, ಸೋರ್ಸ್ ಮಾಡಿ. ಈಗ ಕಪ್ಪು ಪರದೆಯ ಮೇಲೆ ಕನ್ನಡದಲ್ಲಿ 'ಸಕಲ' ಎಂದು ಬರೆದು ಎಂಟರ್ ಒತ್ತಿ. ಅಡಗಿದ ಫೈಲುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ! ಕನ್ನಡದ ಅಪ್ಪಣೆಗೆ ಕಂಪ್ಯೂಟರು 'ಹ್ಞೂಂ' ಎನ್ನುವುದನ್ನು ಒಮ್ಮೆ ಕಣ್ಣಾರೆ ನೋಡಿ ಗೆಳೆಯರೆ. ಆಮೇಲೆ ಆ ಪರದೆಯ ಭಯ ನಿಮಗೆ ಉಳಿಯುವುದಿಲ್ಲ.

ಇದರ ಮಿತಿಯನ್ನೂ ಹೇಳಿಬಿಡುತ್ತೇನೆ, ನಾಳೆ ನಿಮಗೆ ನಿರಾಸೆಯಾಗಬಾರದು. ಅಡ್ಡಹೆಸರು ಕನ್ನಡದಲ್ಲಿ ಆಗುತ್ತದೆ, ಆದರೆ ಬ್ಯಾಶಿನಲ್ಲಿ ಚರಾಂಶಗಳ ಹೆಸರು ಕನ್ನಡದಲ್ಲಿ ಆಗುವುದಿಲ್ಲ. ಅದಕ್ಕೆ ಇಂಗ್ಲಿಷ್ ಅಕ್ಷರವೇ ಬೇಕು. ಬಹಳಷ್ಟು ಟರ್ಮಿನಲ್‌ಗಳು ಪರದೆಯನ್ನು ಸಮಾನ ಚೌಕಗಳಾಗಿ ಹೆಚ್ಚಿ, ಚೌಕಕ್ಕೊಂದು ಅಕ್ಷರ ಕೂರಿಸುತ್ತವೆ. ನಮ್ಮ ಒತ್ತಕ್ಷರ ಆ ಚೌಕದಲ್ಲಿ ಸರಿಯಾಗಿ ಕೂರದೆ ಚೆದುರುತ್ತದೆ. ಅದಕ್ಕೇ ಒತ್ತೂ ಇಲ್ಲದ, ಗುಣಿತವೂ ಇಲ್ಲದ 'ಸಕಲ' ಎಂಬ ಪದವನ್ನು ಹೇಳಿದೆ. ಇನ್ನು ಅನುವಾದವಾದಷ್ಟು ಮಾತ್ರ ಕನ್ನಡದಲ್ಲಿ ಬರುತ್ತದೆ. ಉಳಿದದ್ದು ಇಂಗ್ಲಿಷಿನಲ್ಲೇ ಇರುತ್ತದೆ. ಉಳಿದದ್ದನ್ನು ಅನುವಾದಿಸುವವರು ಯಾರು? ಜರ್ಮನಿಯವರು ಬಂದು ಮಾಡುತ್ತಾ‌ರೆಯೆ? ಆ ಕೆಲಸ ನಿಮಗಾಗಿ ಕಾದಿದೆ.

ಕೇಳಬೇಕಾದ ಜಾಗ, ಕೇಳಬೇಕಾಗಿಲ್ಲದ ಜಾಗ

ಅರಕಲಗೂಡಿನಿಂದ ಬಂದವರು ಇಲ್ಲಿದ್ದೀರಿ. ನಿಮ್ಮ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರವಾಗಿ ಹೊತ್ತವರು ಅ.ನ.ಕೃ. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಮೋತ್ಸವದ ಸಂಗೀತ ಕಚೇರಿಗಳಲ್ಲಿ ಕನ್ನಡದ ಕಲಾವಿದರಿಗೆ ಜಾಗ ಕೊಡಿ ಎಂದು ಅವರು ಹೋರಾಡಬೇಕಾಯಿತು. ಚಪ್ಪರ ಬೇರೆಯವರದು, ಕೇಳದೆ ದಾರಿಯಿರಲಿಲ್ಲ. ಇವತ್ತಿಗೂ ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಪರೀಕ್ಷೆಯಲ್ಲಿ ನಾವು ಕೇಳಬೇಕಾದದ್ದು ಬೇಕಾದಷ್ಟಿದೆ, ಕೇಳೋಣ. ಆದರೆ ನಿಮ್ಮ ಹೋಮ್ ಫೋಲ್ಡರಿನ ಚುಕ್ಕೆ ಫೈಲು ನಿಮ್ಮದೇ ಚಪ್ಪರ. ಅಲ್ಲಿ ಕನ್ನಡ ಬರೆಯಲು ಅರ್ಜಿ ಬೇಡ, ಮೆರವಣಿಗೆ ಬೇಡ, ಸರ್ಕಾರದ ಆದೇಶ ಬೇಡ. ನಮ್ಮ ಕೈಯಲ್ಲೇ ಇರುವ ಜಾಗವನ್ನು ಖಾಲಿ ಬಿಟ್ಟುಕೊಂಡು ಬೇರೆಯವರ ಹತ್ತಿರ ಜಾಗ ಕೇಳಿದರೆ ಯಾರು ಬೆಲೆ ಕೊಡುತ್ತಾರೆ?

ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯನ್ನು ನೆನೆಯಿರಿ. ಸುಮಾರು ಕ್ರಿ.ಶ. 450ರ ಆ ಕನ್ನಡದ ಕಲ್ಲು ಊರಿನಲ್ಲೇ ಇತ್ತು. 1936ರಲ್ಲಿ ಡಾ. ಎಂ.ಹೆಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದ ಮೇಲೆ ನಾಡಿಗೆ ತನ್ನ ನುಡಿಯ ವಯಸ್ಸು ತಿಳಿಯಿತು. ಕಲ್ಲು ಹೊಸದಾಗಿ ಹುಟ್ಟಲಿಲ್ಲ, ಓದುವವರು ಬಂದರು. ಚನ್ನರಾಯಪಟ್ಟಣದವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ತಾಲ್ಲೂಕಿನ ಶ್ರವಣಬೆಳಗೊಳದ ಬೆಟ್ಟದ ಮೇಲೆ ಕಾಲಿಟ್ಟಲ್ಲೆಲ್ಲ ಬರಹವಿದೆ. ಓದಲು ಬಂದವನಿಗೆ ಅದು ಚರಿತ್ರೆ, ಬಾರದವನಿಗೆ ಬರೀ ಬಂಡೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇವತ್ತು ಮನೆಗೆ ಹೋಗಿ ಎಲ್‌ಎಸ್ ಅಡ್ಡಗೆರೆ ಎ ಕೊಟ್ಟು ನೋಡಿ. ನಕಲು ಮಾಡಿಟ್ಟು ಒಂದು ಸಾಲು ಬರೆಯಿರಿ. ಆ ಸಾಲಿನ ಮೇಲೆ ಹ್ಯಾಷ್ ಹಾಕಿ, ಇದು ಏನು, ಯಾಕೆ ಬರೆದೆ ಎಂದು ಕನ್ನಡದಲ್ಲಿ ಟಿಪ್ಪಣಿ ಇಡಿ. ಆಮೇಲೆ ನಿಮ್ಮ ಕಾಲೇಜಿಗೆ ಈ ವರ್ಷ ಬಂದ, ಕನ್ನಡ ಮಾಧ್ಯಮದ ಒಬ್ಬ ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೇ ಕನ್ನಡದಲ್ಲಿ ಹೇಳಿಕೊಡಿ. ಒಬ್ಬರಿಗೆ ಅರ್ಧ ಗಂಟೆ ಸಾಕು. ಅಷ್ಟು ಮಾಡಿದರೆ 'ಇದು ನಮ್ಮಂಥವರಿಗಲ್ಲ' ಎಂದು ಲ್ಯಾಬಿನಿಂದ ಎದ್ದು ಹೋಗುವವರು ನಿಮ್ಮ ಕಾಲೇಜಿನಲ್ಲಿ ಒಬ್ಬರು ಕಡಿಮೆಯಾಗುತ್ತಾರೆ.

ಸಿರಿಗನ್ನಡಂ ಗೆಲ್ಗೆ!